ಶಿವಾ ಅನ್ನುವಷ್ಟು ಹೊತ್ತು

ನಮ್ಮ ಸುರೇಬಾನದ ಮನೆಗೆ ಒಮ್ಮೆ ಹೊಸ ಬೀಗರೊಬ್ಬರು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಅವರು ಎದುರು ಗೋಡೆಯ ಮೇಲಿನ ಫೋಟೋ ನೋಡಿದರು, ಮುಖ ಸಣ್ಣದು ಮಾಡಿಕೊಂಡರು, ಎದ್ದು ನಿಂತು ಕೈ ಮುಗಿದರು.

"ಪಾಪ, ಇಬ್ಬರೂ ಒಂದ ದಿನಾ ಹ್ವಾದ್ರೇನ್ರಿ?" ಎಂದು ಕೇಳಿದರು.

ಅವರ ಬೆನ್ನ ಹಿಂದೆ ಚಹಾದ ಕಪ್ಪು ಬಶಿ ಹಿಡಿದು ನಿಂತಿದ್ದ ಆಯಿ, ಅಂದರೆ ನಮ್ಮ ಅಪ್ಪನ ತಾಯಿ, "ಒಬ್ರು ಹ್ವಾದ್ರು. ಇನ್ನೊಬ್ರು ಚಾ ತಂದಾರ, ಆರತೈತಿ, ತಗೋರಿ" ಅಂದಳು.

ಬೀಗರ ತಪ್ಪಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ, ತಲೆ ವಾಲದಂತೆ ಬಟ್ಟೆಯಿಂದ ಗೋಡೆಯ ಮೊಳೆಗೆ ಕಟ್ಟಿ ಕೂರಿಸಿದ ಮೇಲೆ ಯಾರಿಗಾದರೂ ನೆನಪಾಗುತ್ತದೆ, ಅಯ್ಯೋ, ಇವರದೊಂದು ಫೋಟೋ ಇಲ್ಲವಲ್ಲ ಎಂದು. ಆಗ ರಾಮದುರ್ಗದ ಸ್ಟುಡಿಯೋಕ್ಕೆ ಆಳು ಓಡುತ್ತದೆ. ನಮ್ಮ ಮುತ್ಯಾನಿಗೂ, ಅಂದರೆ ಆಯಿಯ ಗಂಡನಿಗೂ, ಹಾಗೇ ಆಯಿತು. ಜೀವ ಇರುವಷ್ಟು ದಿನ ಫೋಟೋ ಅಂದರೆ "ಹೊಲಕ್ಕ ಹೊತ್ತಾತು" ಎಂದು ಎದ್ದು ಹೋಗುತ್ತಿದ್ದ ಮನುಷ್ಯ, ಸತ್ತ ದಿನ ಮಾತ್ರ ಫೋಟೋದವನು ಬರುವವರೆಗೂ ತಾಳ್ಮೆಯಿಂದ ಕೂತಿದ್ದ. ಪಕ್ಕದಲ್ಲಿ ಆಯಿಯನ್ನು ಕೂರಿಸಿದರು. ಫ್ಲ್ಯಾಶ್ ಹೊಡೆಯಿತು. ಆಯಿ ಕಣ್ಣು ಮುಚ್ಚಿದಳು. ಹೀಗಾಗಿ ನಮ್ಮ ಗೋಡೆಯ ಮೇಲೆ ಕಣ್ಣು ಮುಚ್ಚಿದ ಇಬ್ಬರು ಹಿರಿಯರು ಒಂದೇ ಚೌಕಟ್ಟಿನಲ್ಲಿ ಕೂತರು. ಬಂದವರಿಗೆಲ್ಲ ಯಾರು ಇದ್ದಾರೆ ಯಾರು ಇಲ್ಲ ಎನ್ನುವುದನ್ನು ನಾವೇ ಹೇಳಬೇಕಾಗಿತ್ತು.

ಫ್ಲ್ಯಾಶಿಗೂ ಆಯಿಯ ಕಣ್ಣಿಗೂ ಹುಟ್ಟಿನಿಂದಲೇ ವೈರ. ಮತದಾರರ ಚೀಟಿಯಲ್ಲೂ ಅವಳು ಕಣ್ಣು ಮುಚ್ಚಿಯೇ ಇದ್ದಳು. "ನಾ ಕಣ್ಣ ಮುಚ್ಚಿ ಓಟ ಹಾಕತೇನಿ ಅಂತ ಸರ್ಕಾರಕ್ಕೂ ಗೊತ್ತಾತು" ಎಂದು ತಾನೇ ನಗುತ್ತಿದ್ದಳು. ಆದರೆ ಬೀಗರು ಹೋದ ಮೇಲೆ ಅವಳು ನಗಲಿಲ್ಲ. ಫೋಟೋದ ಮುಂದೆ ನಿಂತು ಬಹಳ ಹೊತ್ತು ನೋಡಿ, ನನ್ನನ್ನು ಕರೆದು ಹೇಳಿದಳು:

"ಇಬ್ಬರೂ ಕಣ್ಣ ಮುಚಗೊಂಡು ಗ್ವಾಡಿ ಮ್ಯಾಲೆ ಕುಂತ್ರ ಮನಿ ನೋಡವರು ಯಾರು? ನಾ ಹೋಗೂದರಾಗ ನನ್ನದೊಂದು ಕಣ್ಣ ತೆರದದ್ದು ಫೋಟೋ ತಗದು ಇಡು. ನನ್ನ ಕುಂಡ್ರಿಸಿ ತಗೀಬ್ಯಾಡ್ರಿ."

ಕುಂಡ್ರಿಸಿ ಎಂದರೆ ಏನೆಂದು ನನಗೆ ಗೊತ್ತಿತ್ತು. ಆಗಲಿ ಅಂದೆ.

ನನಗೆ ಯಾಕೆ ಹೇಳಿದಳೆಂದರೆ ನನ್ನ ಹತ್ತಿರ ಕ್ಯಾಮೆರಾ ಇತ್ತು. ತೊಂಬತ್ತರ ದಶಕದ ಕೊನೆ ಅದು. ನಾನು ರಾಮದುರ್ಗದ ಒಂದು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಊರಿನ ಹೆಣ್ಣುಮಕ್ಕಳ ಕೈಯಲ್ಲಿ ಟಿಫಿನ್ ಡಬ್ಬಿ ಇದ್ದರೆ ನನ್ನ ಕೊರಳಲ್ಲಿ ಕಪ್ಪು ಚರ್ಮದ ಚೀಲ ಜೋತಾಡುತ್ತಿತ್ತು. ಕಿತ್ತೂರಿನಲ್ಲಿದ್ದ ನನ್ನ ಸೋದರಮಾವ, ಮಿಲಿಟರಿಯಿಂದ ಬಂದವರು, ತಮ್ಮ ಕಣ್ಣು ಮಂಜಾದ ಮೇಲೆ ತಮ್ಮ ಕ್ಯಾಮೆರಾ ನನಗೆ ಕೊಟ್ಟಿದ್ದರು. ಅದು ಎಲ್ಲವನ್ನೂ ಕೈಯಿಂದಲೇ ತಿರುವಬೇಕಾದ ಹಳೇ ಕ್ಯಾಮೆರಾ. ಬೆಳಕು ಎಷ್ಟಿದೆ ಎಂದು ತೋರಿಸಬೇಕಾಗಿದ್ದ ಒಳಗಿನ ಮುಳ್ಳು ಯಾವ ಕಾಲದಲ್ಲೋ ಮಲಗಿಬಿಟ್ಟಿತ್ತು. ಹುಲಿ ಕೊಟ್ಟೆವು ಎನ್ನುವ ಠೀವಿಯಲ್ಲಿ ಮಾವ ಕೊಟ್ಟರು, ಹಲ್ಲಿಲ್ಲದ ಹುಲಿ ಎನ್ನುವುದು ಆಮೇಲೆ ಗೊತ್ತಾಯಿತು.

ಅದನ್ನು ತರಲು ರಾಮದುರ್ಗದಿಂದ ಸವದತ್ತಿಗೆ, ಸವದತ್ತಿಯಿಂದ ಬೈಲಹೊಂಗಲಕ್ಕೆ, ಅಲ್ಲಿಂದ ಕಿತ್ತೂರಿಗೆ ಬಸ್ಸು ಬದಲಿಸಿ ಬದಲಿಸಿ ಹೋಗಿದ್ದೆ. ಮಾವ ನನ್ನನ್ನು ಕೋಟೆಯ ಬಿದ್ದ ಗೋಡೆಗಳ ನಡುವೆ ನಿಲ್ಲಿಸಿ ಒಂದೇ ಬೆಳಿಗ್ಗೆಯಲ್ಲಿ ಪಾಠ ಮುಗಿಸಿದರು.

"ಒಳಗ ಬೆಳಕ ಬರಾಕ ಒಂದು ಕಿಂಡಿ ಐತಿ. ಆ ಕಿಂಡಿ ಎಷ್ಟೊತ್ತು ತೆರದಿರಬೇಕು ಅನ್ನಾಕ ಒಂದು ಬಾಗಲಾ ಐತಿ. ಬಂದ ಬೆಳಕ ಕುಡಿಯಾಕ ರೀಲ ಐತಿ. ಮೂರೂ ಬೀಗರಿದ್ದಂಗ. ಒಬ್ರು ಸಿಟ್ಟಾದ್ರ ಉಳಿದ ಇಬ್ರು ಸಂಭಾಳಸಬೇಕು. ಕಿಂಡಿ ಸಣ್ಣದ ಮಾಡಿದೇನು, ಬಾಗಲಾ ಹೆಚ್ಚ ಹೊತ್ತು ತಗಿ. ಬಾಗಲಾ ಲಗೂನ ಹಾಕಿದೇನು, ಕಿಂಡಿ ದೊಡ್ಡದ ಮಾಡು. ಇಷ್ಟ."

ಇಷ್ಟೇ ಎನ್ನುವವರ ಮಾತು ನಂಬಬಾರದು. ಕಿಂಡಿಯ ಸುತ್ತಲಿನ ಬಳೆಯ ಮೇಲೆ ಎರಡರಿಂದ ಹದಿನಾರರವರೆಗೆ ಅಂಕಿಗಳಿದ್ದವು. ಹದಿನಾರು ದೊಡ್ಡ ಅಂಕಿ, ಆದ್ದರಿಂದ ದೊಡ್ಡ ಕಿಂಡಿ ಎಂದು ನಾನು ತಿಳಿದೆ. ಬಿ.ಇಡಿ. ಮುಗಿಸಿದವಳು ಬೇರೆ ಹೇಗೆ ತಿಳಿಯಬೇಕು? ಅಲ್ಲಿ ಎಲ್ಲ ತಿರುವುಮುರುವು. ಹದಿನಾರಕ್ಕೆ ಸೂಜಿಯ ಕಣ್ಣು, ಎರಡಕ್ಕೆ ಹೆಬ್ಬಾಗಿಲು. ಬಾಗಿಲಿನ ಚಕ್ರದ ಮೇಲೆ ಐನೂರು ಎಂದು ಬರೆದಿದ್ದರೆ ಅದು ಐನೂರು ಸೆಕೆಂಡಲ್ಲ, ಒಂದು ಸೆಕೆಂಡನ್ನು ಐನೂರು ಪಾಲು ಮಾಡಿದ ಒಂದು ಚೂರು. ಇದನ್ನು ಮಾಡಿದವರ ಮನೆಯಲ್ಲಿ ಲೆಕ್ಕದ ಅಕ್ಕೋರು ಒಬ್ಬರೂ ಇರಲಿಲ್ಲ ಎಂದು ಕಾಣುತ್ತದೆ.

ರೀಲಿನ ಡಬ್ಬಿಯ ಒಳಗಡೆ ಸಣ್ಣ ಸಣ್ಣ ಚಿತ್ರ ಬರೆದಿರುತ್ತಿದ್ದರು. ಉರಿಬಿಸಿಲಿಗೆ ಒಂದು ಸೂರ್ಯ, ಅದಕ್ಕೆ ಇಷ್ಟು ಕಿಂಡಿ. ಅರೆಮೋಡಕ್ಕೆ ಮಬ್ಬು ಸೂರ್ಯ, ಅದಕ್ಕೆ ಇಷ್ಟು. ನೆರಳಿಗೆ ಒಂದು ಮನೆ. ಮುಳ್ಳು ಸತ್ತ ಕ್ಯಾಮೆರಾಕ್ಕೆ ಆ ರಟ್ಟೇ ಗುರು. ಬಿಸಿಲಿಗೆ ಸಣ್ಣ ಕಿಂಡಿ ಎಂದು ಅದು ಹೇಳಿದ್ದನ್ನು ನಾನು ಸಣ್ಣ ಅಂಕಿ ಎಂದು ಓದಿ, ಹೆಬ್ಬಾಗಿಲು ತೆರೆದಿಟ್ಟುಕೊಂಡು, ಶಾಲೆಯ ಹುಡುಗಿಯರನ್ನು ಕರೆದುಕೊಂಡು ಮತ್ತೆ ಅದೇ ಕೋಟೆಗೆ ಹೋಗಿ, ಇಡೀ ರೀಲು ಮುಗಿಸಿಕೊಂಡು ಬಂದೆ. ರಾಮದುರ್ಗದ ಸ್ಟುಡಿಯೋದ ಚಾಚಾ ಅದನ್ನು ತೊಳೆಸಿ ತಂದು ಟೇಬಲ್ಲಿನ ಮೇಲೆ ಹರಡಿದರು. ಗೋಡೆ, ಹುಡುಗಿಯರು, ಆಕಾಶ ಎಲ್ಲ ಬೆಳ್ಳಗೆ ಬೆಳಗುತ್ತಿತ್ತು.

"ಅಕ್ಕೋರ, ಇದು ಕಿತ್ತೂರೋ ಕಾಶ್ಮೀರೋ?" ಎಂದು ಬಹಳ ಗೌರವದಿಂದ ಕೇಳಿದರು.

ಕ್ಯಾಮೆರಾ ಸರಿಯಿಲ್ಲ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಅವರಿಗೆ ನೆನಪಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಹೇಳಲಿಲ್ಲ, ಗಿರಾಕಿ ನಾನು.

ಈ ಚಾಚಾ ನಮ್ಮ ಸುತ್ತಲಿನ ಹಳ್ಳಿಗಳ ಎಲ್ಲ ಗೋಡೆಗಳ ಮೇಲೂ ಇದ್ದರು ಎನ್ನಬೇಕು. ಮುತ್ಯಾನನ್ನು ತೆಗೆದವರೂ ಅವರೇ. ಅವರಿಗೆ ಕಿಂಡಿಯೂ ಗೊತ್ತಿರಲಿಲ್ಲ ಬಾಗಿಲೂ ಗೊತ್ತಿರಲಿಲ್ಲ ಎಂದಲ್ಲ, ಬೇಕಿರಲಿಲ್ಲ. ಅವರ ನಂಬಿಕೆಯೆಲ್ಲ ಫ್ಲ್ಯಾಶಿನ ಮೇಲೆ. ಎಲ್ಲ ಒಂದು ಅಳತೆಗೆ ಇಟ್ಟು, ಎಷ್ಟೋ ವರ್ಷದಿಂದ ಅದನ್ನು ಮುಟ್ಟದೆ, ಮದುವೆ, ನಾಮಕರಣ, ಸಾವು ಎಲ್ಲಕ್ಕೂ ಒಂದೇ ಮಿಂಚು ಹೊಡೆಯುತ್ತಿದ್ದರು. ಆಯಿಯ ಆಸೆಯನ್ನು ಹೇಳಿದಾಗ ಅವರು ಕೈಯಾಡಿಸಿಬಿಟ್ಟರು.

"ಫ್ಲ್ಯಾಶ್ ಇಲ್ಲದ ಫೋಟೋ ಉಪ್ಪಿಲ್ಲದ ಊಟ. ಆಯಿನ್ನ ಕರಕೊಂಡ ಬರ್ರಿ, ನಾ ಕಣ್ಣ ತೆರಸತೇನಿ."

ಕರೆದುಕೊಂಡು ಹೋದೆ. ಚಾಚಾ ಹೊಡೆದಾಗಲೆಲ್ಲ ಆಯಿ ಕಣ್ಣು ಮುಚ್ಚಿದಳು. ಒಂದು ಸಲ ಇವಳು ಮೊದಲೇ ಮುಚ್ಚಿ, ಮಿಂಚು ಹೋದ ಮೇಲೆ ತೆರೆದು, "ಆತೇನ್ರಿ?" ಎಂದು ಕೇಳಿದಳು. ಕೊನೆಗೆ ಚಾಚಾನೇ ಸೋತು ಒಂದು ಮಾತು ಹೇಳಿದರು. "ಏನ ಮಾಡೂದ್ರಿ, ಸತ್ತವರ ಫೋಟೋ ಭಾಳ ಸಲೀಸ. ಅವರು ಕಣ್ಣ ಪಿಳಕಸಂಗಿಲ್ಲ." ಹೇಳಿದ ಮೇಲೆ ಎದುರಿಗೆ ಯಾರು ಕೂತಿದ್ದಾರೆ ಎಂದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಆಯಿ ನಕ್ಕಳು. "ಖರೆ ಐತಿ ಬಿಡ್ರಿ. ಆವಾಗ ಮುಚ್ಚೇ ಇರತಾವ." ಬಸ್ಸಿನಲ್ಲಿ ವಾಪಸು ಬರುವಾಗ ಮಾತ್ರ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಇನ್ನು ಇದನ್ನು ನಾನೇ ತೆಗೆಯಬೇಕು ಎಂದು ಹಟ ಹಿಡಿದದ್ದು ಆ ಬಸ್ಸಿನಲ್ಲಿ.

ಫ್ಲ್ಯಾಶ್ ಬೇಡ ಅಂದರೆ ಬಿಸಿಲಿಗೆ ಕೂರಿಸಬೇಕು. ಬಿಸಿಲಿಗೆ ಕೂರಿಸಿದರೆ ಆಯಿಯ ಕಣ್ಣು ನೀರು ಸುರಿಸುತ್ತಿದ್ದವು, ಹುಬ್ಬು ಇಳಿದು ಕಣ್ಣು ಗೆರೆಯಾಗುತ್ತಿದ್ದವು. ಬೆಳಿಗ್ಗೆ ನೆರಳಿರುವಾಗ ಹೊರಗಿನ ಕಟ್ಟೆಯ ಮೇಲೆ ಕೂರಿಸಿದೆ. ಡಬ್ಬಿಯ ಚಿತ್ರದ ಪ್ರಕಾರ ನೆರಳಿನ ಅಳತೆ ಇಟ್ಟು ತಲೆ ಎತ್ತಿದರೆ ಇಡೀ ಓಣಿ ನನ್ನ ಹಿಂದೆ ನಿಂತಿದೆ. "ಸೆರಗ ಸರಿ ಮಾಡಕೋ ಆಯಿ." "ಕೊರಳಾಗಿನ ಬೋರಮಾಳ ಕಾಣವಲ್ದು." "ನಗು ಸ್ವಲ್ಪ, ಯಾರರ ಹೊಡದಾರೇನು?" ಒಬ್ಬರಂತೂ ತಮ್ಮ ಎಮ್ಮೆಯನ್ನೂ ತಂದು ಪಕ್ಕದಲ್ಲಿ ನಿಲ್ಲಿಸಿ ಅದೂ ಬರಲಿ ಅಂದರು. ಆಯಿ ಎದ್ದಳು. "ನಾ ಏನ ಬಯಲಾಟದ ವೇಷ ಹಾಕೇನಿ? ನಡಿ ಒಳಗ" ಎಂದು ನನ್ನನ್ನೇ ಗದರಿಕೊಂಡು ಹೋದಳು.

ಒಳಗೆ ಅಂದರೆ ನಮ್ಮ ಪಡಸಾಲೆ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಿಟಕಿ ಇಲ್ಲ. ಮಧ್ಯಾಹ್ನವೂ ಅಲ್ಲಿ ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಇದ್ದ ಬೆಳಕೆಲ್ಲ ಮಾಳಿಗೆಯ ನಡುವಿನ ಬೆಳಕಿಂಡಿಯಿಂದ ಇಳಿಯಬೇಕು. ಮಳೆ ಬಂದರೆ ಮೇಲೆ ಹೋಗಿ ಅದರ ಮೇಲೊಂದು ಚಪ್ಪಟೆ ಪರಸಿಕಲ್ಲು ಎಳೆಯುವುದು, ನಿಂತರೆ ಸರಿಸುವುದು, ಇದು ವರ್ಷಾನುಗಟ್ಟಲೆ ಆಯಿಯ ಕೆಲಸ. ಡಬ್ಬಿಯ ರಟ್ಟು ತಿರುಗಿಸಿ ಮುರುಗಿಸಿ ನೋಡಿದೆ. ಸೂರ್ಯ ಇದ್ದ, ಮೋಡ ಇತ್ತು, ಸಮುದ್ರದ ದಂಡೆಯೂ ಇತ್ತು. ಸುರೇಬಾನದ ಪಡಸಾಲೆ ಇರಲಿಲ್ಲ.

ಆದರೆ ಬೆಳಕಿಂಡಿಯ ಕೆಳಗೆ ಕೂತು ಆಯಿಗೆ ಕ್ಯಾಮೆರಾ ತಿಳಿಸಿ ಹೇಳುವುದು ಸುಲಭವಾಯಿತು. ಇದರೊಳಗೂ ಇಂಥದೇ ಒಂದು ಬೆಳಕಿಂಡಿ ಇದೆ, ಸಣ್ಣದು ಮಾಡಬಹುದು, ದೊಡ್ಡದು ಮಾಡಬಹುದು ಅಂದೆ. ಬಳೆ ತಿರುವಿ ತೋರಿಸಿದೆ. ಅವಳು ಒಂದು ಕಣ್ಣು ಮುಚ್ಚಿ ಒಳಗೆ ಇಣುಕಿದಳು.

"ನಂಬರ ದೊಡ್ಡದಾದಂಗ ಕಿಂಡಿ ಸಣ್ಣದಾಕ್ಕೈತೇನು?"

"ಹೂಂ."

"ನಮ್ಮ ಮಂದಿ ಹಂಗ ಐತಿ ನೋಡು. ದೊಡ್ಡವರ ಆದಂಗ ಮನಸ ಸಣ್ಣದು."

ಮಾವನ ಇಡೀ ಬೆಳಗಿನ ಪಾಠ ನನ್ನ ತಲೆಗೆ ಹತ್ತಿದ್ದು ಆಗ. ಆಮೇಲೆ ಒಮ್ಮೆಯೂ ನಾನು ಆ ಅಂಕಿಗಳಲ್ಲಿ ಎಡವಲಿಲ್ಲ.

ಬೆಳಕು ಸಾಲುತ್ತಿರಲಿಲ್ಲ. ಹೆಚ್ಚು ಬೆಳಕು ಕುಡಿಯುವ ಚುರುಕು ರೀಲು ಸಿಗುತ್ತದೆ ಎಂದು ಕೇಳಿದ್ದೆ. ರಾಮದುರ್ಗದಲ್ಲಿ ಕೇಳಿದರೆ ಚಾಚಾ "ಫ್ಲ್ಯಾಶ್ ಇರೂವಾಗ ಅದ್ಯಾಕ್ರಿ?" ಎಂದು ಹಳೆಯದನ್ನೇ ಕೊಟ್ಟರು. ಅಂದರೆ ಮೂವರು ಬೀಗರಲ್ಲಿ ಒಬ್ಬರು ಆಗಲೇ ಮುನಿಸಿಕೊಂಡು ಕೂತಂತಾಯಿತು. ಅವ್ವ ಬಂದು ಒಂದು ದಾರಿ ತೋರಿಸಿದಳು. ಶಾವಿಗೆ ಹೊಸೆಯುವಾಗ ಬಿಳಿ ಬಟ್ಟೆ ಹಾಸುತ್ತೇವಲ್ಲ, ಅದರ ಮೇಲೆ ಬಿಸಿಲು ಬಿದ್ದರೆ ಸುತ್ತ ಕೂತವರ ಮುಖವೆಲ್ಲ ಬೆಳ್ಳಗಾಗುತ್ತದೆ ಎಂದಳು. ಬೆಳಕಿಂಡಿಯ ಬಿಸಿಲು ನೆಲಕ್ಕೆ ಬೀಳುವ ಕಡೆ ಹಾಸಲು ಬಿಳಿ ಬಟ್ಟೆ ಹುಡುಕಿದರೆ ಪೆಟ್ಟಿಗೆಯಲ್ಲಿ ಮುತ್ಯಾನ ಧೋತರ ಸಿಕ್ಕಿತು. ಅದನ್ನು ನೆಲಕ್ಕೆ ಹಾಸುವುದೋ ಬೇಡವೋ ಎಂದು ಅವ್ವ ಅತ್ತೆಯ ಮುಖ ನೋಡಿದಳು.

"ಹಾಸು" ಅಂದಳು ಆಯಿ. "ಇದ್ದಾಗ ಒಂದ ಫೋಟೋಕ್ಕೂ ಕೂಡ ಕುಂಡ್ರಲಿಲ್ಲ. ಈಗರ ಕೆಲಸಕ್ಕ ಬರಲಿ."

ಧೋತರದ ಮೇಲೆ ಬಿಸಿಲು ಬಿತ್ತು, ಆ ಬಿಸಿಲು ಎದ್ದು ಆಯಿಯ ಮುಖಕ್ಕೆ ಬಂತು. ಅವಳ ತಲೆಯನ್ನು ಹಿಂದಿನ ಕಂಬಕ್ಕೆ ಆನಿಸಿದೆ. ಕ್ಯಾಮೆರಾವನ್ನು ಜೋಳದ ಚೀಲದ ಮೇಲೆ ಒತ್ತಿ ಕೂರಿಸಿದೆ, ನನ್ನ ಕೈ ನಡುಗಿದರೂ ಅದು ನಡುಗಬಾರದು. ಕಿಂಡಿ ಪೂರಾ ತೆರೆದೆ. ಬಾಗಿಲು ಅರ್ಧ ಸೆಕೆಂಡು.

"ಅರ್ಧ ಸೆಕೆಂಡ ಅಂದ್ರ ಎಷ್ಟೊತ್ತು?" ಆಯಿ ಕೇಳಿದಳು.

ಮನೆಯಲ್ಲಿ ಗಡಿಯಾರವೇ ಸರಿಯಿಲ್ಲ, ಸೆಕೆಂಡನ್ನು ಎಲ್ಲಿಂದ ತೋರಿಸಲಿ? "ನೀ ಶಿವಾ ಅಂತೀಯಲ್ಲ, ಅಷ್ಟ ಹೊತ್ತು. ಅಷ್ಟೊತ್ತು ಕಣ್ಣ ಪಿಳಕಸಬ್ಯಾಡ, ಅಲಗಾಡಬ್ಯಾಡ" ಅಂದೆ.

"ಶಿವಾ ಅನ್ನೂವಷ್ಟು. ಆತು."

ಈ ಜಾತಿಯ ಕ್ಯಾಮೆರಾದಲ್ಲಿ ಒಂದು ವಿಚಿತ್ರವಿದೆ. ಗುಂಡಿ ಒತ್ತಿದಾಗ ಒಳಗಿನ ಕನ್ನಡಿ ಮೇಲೆದ್ದು ಕಣ್ಣಿಗೆ ಅಡ್ಡ ಬರುತ್ತದೆ. ರೀಲು ನೋಡುವ ಆ ಹೊತ್ತಿನಲ್ಲಿ ತೆಗೆಯುವವರಿಗೆ ಏನೂ ಕಾಣುವುದಿಲ್ಲ. ಕತ್ತಲು, ಮತ್ತೆ ಬೆಳಕು. ಬೆಳಕು ಬಂದಾಗ ಆಯಿ ಕಣ್ಣು ತೆರೆದು ನನ್ನನ್ನೇ ನೋಡುತ್ತಾ ಕೂತಿರುತ್ತಿದ್ದಳು. ಒತ್ತಿದೆ, ಮತ್ತೆ ಒತ್ತಿದೆ, ರೀಲು ಮುಗಿಯುವವರೆಗೆ ಒತ್ತಿದೆ. ಬಿಸಿಲು ಧೋತರ ದಾಟಿ ಗೋಡೆ ಹತ್ತುವಾಗ ಆಯಿ "ಸಾಕ ಮಾಡು, ರೊಟ್ಟಿ ಬಡೀಬೇಕು" ಎಂದು ಎದ್ದಳು. ಒಂದು ಸಲವೂ ಕಣ್ಣು ಮುಚ್ಚಿರಲಿಲ್ಲ. ಗೆದ್ದೆ ಅಂದುಕೊಂಡೆ.

ಚಾಚಾ ಪಾಕೀಟು ಕೊಡುವಾಗ ಅವರ ಮುಖ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ಖುಷಿಯೋ ಸಂತಾಪವೋ ತಿಳಿಯಲಿಲ್ಲ.

"ಅಕ್ಕೋರ, ಕಣ್ಣ ಬಂದಾವ" ಅಂದರು. "ಬಾಯಿ ಹೋಗೇತಿ."

ಫೋಟೋ ಒಂದೊಂದಾಗಿ ತೆಗೆದು ನೋಡಿದೆ. ಆಯಿಯ ಕಣ್ಣು ಎಷ್ಟು ಸ್ಪಷ್ಟವೆಂದರೆ ರೆಪ್ಪೆಯ ಕೂದಲು ಎಣಿಸಬಹುದು. ಹಣೆಯ ವಿಭೂತಿ ಸ್ಪಷ್ಟ. ಮೂಗಿನ ನತ್ತು ಸ್ಪಷ್ಟ. ಬಾಯಿ ಮಾತ್ರ ಹಸಿ ಗೋಡೆಯ ಮೇಲೆ ಬೆರಳಾಡಿಸಿದಂತೆ ಕಲಸಿಹೋಗಿತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ. "ನಾ ಹೇಳಿದ್ನಲ್ರಿ, ಫ್ಲ್ಯಾಶ್" ಎಂದು ಚಾಚಾ ಶುರು ಮಾಡುವುದರೊಳಗೆ ನಾನು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದೆ. ಸುರೇಬಾನದವರೆಗೂ ಮನಸ್ಸಿನಲ್ಲೇ ಆಯಿಯನ್ನು ಬೈದುಕೊಂಡು ಹೋದೆ.

"ಅಲಗಾಡಬ್ಯಾಡ ಅಂದ್ರ ಬಾಯಿ ಯಾಕ ಅಲಗಾಡಸಿದಿ?" ಎಂದು ಹೊಸ್ತಿಲಲ್ಲೇ ಕೇಳಿದೆ.

"ಶಿವಾ ಅಂದೆ."

"ಯಾಕ ಅಂದಿ?"

"ನೀನ ಹೇಳಿದೆಲ್ಲ, ಶಿವಾ ಅನ್ನೂವಷ್ಟ ಹೊತ್ತು ಅಂತ. ಅನ್ನದನ ಅದು ಎಷ್ಟೊತ್ತು ಅಂತ ಹೆಂಗ ಗೊತ್ತಾಗಬೇಕು?"

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಫೋಟೋ ತೆಗೆಯುವಾಗ ಅವಳು ಆಯಿಯ ಪಕ್ಕದಲ್ಲೇ ಕೂತು ಆ ಪಿಸುದನಿ ಕೇಳಿದ್ದಳಂತೆ. ಅತ್ತೆ ಜಪ ಮಾಡುತ್ತಿದ್ದಾರೆ ಎಂದು ಸುಮ್ಮನಿದ್ದಳಂತೆ. ನನ್ನ ಸಿಟ್ಟು ಎಲ್ಲಿ ಹೋಯಿತೋ, ನನಗೂ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ, ನಾಳೆ ಮತ್ತೆ ತೆಗೆಯೋಣ, ಮನಸ್ಸಿನಲ್ಲೇ ಅನ್ನು, ಧೋತರ ತೆಗೆದಿಡು ಅಂದೆ.

ಆಯಿ ಫೋಟೋಗಳನ್ನು ತೆಗೆದುಕೊಂಡು ಬೆಳಕಿಂಡಿಯ ಕೆಳಗೆ ಹೋಗಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಒಂದನ್ನು ಇಟ್ಟುಕೊಂಡು ಉಳಿದವನ್ನು ನನ್ನ ಕೈಗೆ ಕೊಟ್ಟಳು. ಕಲಸಿದ ಬಾಯಿಯ ಮೇಲೆ ಬೆರಳಿಟ್ಟು ಹೇಳಿದಳು:

"ಇನ್ನೊಂದ ಬ್ಯಾಡ. ಕಣ್ಣ ತೆರದಾವ. ಬಾಯಾಗ ಶಿವಾ ಐತಿ. ಇದಕ್ಕಿಂತ ಚಲೋದು ನಿನಗ ತಗ್ಯಾಕ ಬರಂಗಿಲ್ಲ."

ಕೆಟ್ಟದ್ದನ್ನೇ ಆರಿಸಿಕೊಂಡಳಲ್ಲ ಎಂದು ನನಗೆ ಬೇಸರ. ಬಾಯಲ್ಲಿ ಶಿವಾ ಎನ್ನುವುದು ಸಾವಿನ ಮಾತು ಎಂದು ಹೊಳೆದು ಸಂಕಟವೂ ಆಯಿತು. ಅವಳು ಮಾತ್ರ ಪೇಟೆಯಲ್ಲಿ ಚಲೋ ಸೀರೆ ಸಿಕ್ಕವಳಂತೆ ಇದ್ದಳು. ಕಟ್ಟು ಹಾಕಿಸಲು ಕೊಟ್ಟಾಗ ಚಾಚಾ ಹಾಕಿಕೊಟ್ಟರು, ಆದರೆ ಹಿಂದೆ ತಮ್ಮ ಸ್ಟುಡಿಯೋದ ಶಿಕ್ಕೆ ಒತ್ತಲು ಒಪ್ಪಲಿಲ್ಲ. "ಮಂದಿ ನಾ ತಗದೇನಿ ಅಂತ ತಿಳಕೊಂಡಾರು" ಅಂದರು. ಗೋಡೆಗೆ ಹಾಕೋಣ ಎಂದು ಮೊಳೆ ತಂದರೆ ಆಯಿ ಬಿಡಲಿಲ್ಲ. "ನಾ ಇರೂತನಾ ಅದನ್ಯಾಕ ನೋಡತೀರಿ? ನನ್ನ ನೋಡ್ರಿ." ಪೆಟ್ಟಿಗೆಯಲ್ಲಿ ಧೋತರದ ಕೆಳಗಿಟ್ಟಳು.

ಆಮೇಲೆ ಅವಳು ಬಹಳ ವರ್ಷ ಇದ್ದಳು. ನನ್ನ ಮದುವೆಯ ಫೋಟೋದಲ್ಲೂ ಕಣ್ಣು ಮುಚ್ಚಿದಳು, ನನ್ನ ಮಗಳ ತೊಟ್ಟಿಲಿನ ಫೋಟೋದಲ್ಲೂ ಮುಚ್ಚಿದಳು. ಯಾರಾದರೂ ಆಡಿಕೊಂಡರೆ "ನಂದು ಆಗಲೇ ಆಗೇತಿ" ಎನ್ನುತ್ತಿದ್ದಳು.

ಅವಳು ಹೋದದ್ದು ಒಂದು ಬೆಳಿಗ್ಗೆ, ಚಹಾ ಕುಡಿದು, ಕಂಬಕ್ಕೆ ಒರಗಿ ಕೂತಲ್ಲೇ. ನಾನು ಗಂಡನ ಊರು ಸವದತ್ತಿಯಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ವಿಭೂತಿ ಹಚ್ಚಿ, ಮಾಲೆ ಹಾಕಿ, ಬಟ್ಟೆ ಕಟ್ಟಿ ಕೂರಿಸಿದ್ದರು. ಅಂಗಳ ತುಂಬ ಮಂದಿ. ಓಣಿಯ ಹಿರಿಯರು ಯಾರನ್ನೂ ಕೇಳದೆ ರಾಮದುರ್ಗಕ್ಕೆ ಫೋನು ಮಾಡಿದ್ದರು. ಚಾಚಾ ಬಂದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಕೈಯಲ್ಲಿ ಹೊಸ ಕ್ಯಾಮೆರಾ, ತೆಗೆದ ಕೂಡಲೇ ಹಿಂದೆ ತೋರಿಸುವಂಥದು, ಕಿಂಡಿ ಬಾಗಿಲು ಎಲ್ಲ ತಾನೇ ನೋಡಿಕೊಳ್ಳುವಂಥದು. ಹಿರಿಯರೊಬ್ಬರು ನಮ್ಮನ್ನು ಆಯಿಯ ಎಡಕ್ಕೆ ಬಲಕ್ಕೆ ಕೂರಿಸತೊಡಗಿದರು. ನಾನು ಅಳುತ್ತಿದ್ದೆ, ಕೈ ಹಿಡಿದು ಎಲ್ಲಿ ಕೂರಿಸಿದರೋ ಅಲ್ಲಿ ಕೂತೆ. ಚಾಚಾ ಕ್ಯಾಮೆರಾ ಎತ್ತಿದರು.

ಅಷ್ಟರಲ್ಲಿ ಅವ್ವ ಒಳಗಿನಿಂದ ಕಟ್ಟು ಹಾಕಿಸಿದ ಫೋಟೋವನ್ನು ಸೆರಗಿನಿಂದ ಒರೆಸುತ್ತಾ ಬಂದಳು. ಅಷ್ಟು ಮಂದಿ ಗಂಡಸರ ಮುಂದೆ ಅವಳು ದನಿ ಎತ್ತಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಬ್ಯಾಡ್ರಿ ಚಾಚಾ. ನಮ್ಮತ್ತಿ ಫೋಟೋ ತಗಸ್ಯಾರ."

ಚಾಚಾ ಕ್ಯಾಮೆರಾ ಇಳಿಸಿ ಆ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅದನ್ನು ನೋಡಿದರು, ಕಂಬಕ್ಕೆ ಕಟ್ಟಿದ ಆಯಿಯನ್ನು ನೋಡಿದರು, ಮತ್ತೆ ಅದನ್ನು ನೋಡಿದರು. ಪದ್ಧತಿ ಐತಿ, ಒಂದರ ತಗೀರಿ ಎಂದು ಹಿಂದಿನಿಂದ ಯಾರೋ ಹೇಳಿದರು. ಚಾಚಾ ಅವರ ಕಡೆ ತಿರುಗಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿ, ಫೋಟೋವನ್ನು ಆಯಿಯ ತೊಡೆಯ ಮೇಲೆ ಮಂದಿಗೆ ಮುಖ ಮಾಡಿ ನಿಲ್ಲಿಸಿ, ಹೋಗಿ ಗಂಡಸರ ನಡುವೆ ನೆಲದ ಮೇಲೆ ಕೂತರು. ಮಣ್ಣು ಕೊಡುವವರೆಗೂ ಇದ್ದು ಹೋದರು. ಆ ದಿನದ ಫೋಟೋ ನಮ್ಮ ಮನೆಯಲ್ಲಿ ಒಂದೂ ಇಲ್ಲ.